ಮೊಗ್ರಾಲ್ ಮೈದಾನದಲ್ಲಿ ಮೊದಲು ಎದ್ದು ನಿಂತವರ ಕುರಿತು

ಕಚೇರಿ ಸುತ್ತೋಲೆ
ಸಂಖ್ಯೆ: ಎ3/ನೆನಪು/81/2016
ದಿನಾಂಕ: 20-05-2016

ವಿಷಯ: ಯೌವನದಲ್ಲಿ ನೋಡಿದ ರಾಕ್ ಸಂಗೀತ ಕಾರ್ಯಕ್ರಮದ ನೆನಪುಗಳನ್ನು ಕಚೇರಿ ವೇಳೆಯಲ್ಲಿ ಹೇಳುವುದನ್ನು ಕ್ರಮಬದ್ಧಗೊಳಿಸುವ ಮತ್ತು ಅಲ್ಲಿ ಮೊದಲು ಎದ್ದವರು ಯಾರೆಂಬ ತಕರಾರನ್ನು ಇತ್ಯರ್ಥಪಡಿಸುವ ಬಗ್ಗೆ.

ಉಲ್ಲೇಖ:
1. ಹಿರಿಯ ಗುಮಾಸ್ತ ಶ್ರೀ ಶಿವಸುಬ್ರಹ್ಮಣ್ಯ ಅವರ ಮೌಖಿಕ ನಿವೇದನೆ, ದಿನಂಪ್ರತಿ, ಹನ್ನೊಂದು ಗಂಟೆಯ ಚಹಾ.
2. ಬೆರಳಚ್ಚುಗಾರ ಶ್ರೀ ಚನಿಯ ಅವರ ಆಕ್ಷೇಪಣೆ, ಅದೇ ದಿನ, ಅದೇ ಚಹಾ.
3. ಸೀತಾಂಗೋಳಿಯ ಸಾರ್ವಜನಿಕರೊಬ್ಬರ ದೂರು.

1981ರ ಡಿಸೆಂಬರಿನಲ್ಲಿ, ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಒಬ್ಬರು ತಮ್ಮ ಖುಷಿಗೆ ಬೊಂಬಾಯಿಯಿಂದ ಐದು ಮಂದಿಯ ರಾಕ್ ತಂಡವನ್ನು ಮೊಗ್ರಾಲಿನ ಮೈದಾನಕ್ಕೆ ಕರೆಸಿದ್ದರೆಂಬುದು ಕಡತದಿಂದ ಕಂಡುಬರುತ್ತದೆ. ರಾಕ್ ಎಂದರೇನೆಂದು ಊರಿಗೆ ತಿಳಿಯದ ಕಾರಣ ಜನರು ಯಕ್ಷಗಾನಕ್ಕೆ ಹೋಗುವ ಕ್ರಮದಂತೆ ಚಾಪೆ ತಂದು, ಗಂಡಸರು ಎಡಕ್ಕೂ ಹೆಂಗಸರು ಬಲಕ್ಕೂ ಹಾಸಿ, ಕಾಲು ಮಡಚಿ ಕುಳಿತರು. ಎದ್ದು ಕುಣಿಯಿರೆಂದು ಹಾಡುಗಾರನು ಇಂಗ್ಲಿಷಿನಲ್ಲಿ ಕೇಳಿದನು, ಹಿಂದಿಯಲ್ಲಿ ಕೇಳಿದನು, ಕೊನೆಗೆ ಕೈಮುಗಿದು ಕೇಳಿದನು. ಎದ್ದರೆ ಹಿಂದಿನವರಿಗೆ ಕಾಣುವುದಿಲ್ಲವೆಂಬ ಮರ್ಯಾದೆಯಿಂದ ಯಾರೂ ಏಳಲಿಲ್ಲ. ಎರಡನೆಯ ಹಾಡಿನ ನಡುವೆ ಯಾರೋ ಒಬ್ಬರು ಎದ್ದರು. ಆಮೇಲೆ ಇಡೀ ಮೈದಾನವೇ ಎದ್ದಿತು.

ಆ ಒಬ್ಬರು ತಾವೇ ಎಂದು ಉಲ್ಲೇಖ 1 ಮತ್ತು 2ರ ನೌಕರರು ಇಪ್ಪತ್ತೆರಡು ವರ್ಷಗಳಿಂದ ಸಾಧಿಸುತ್ತಿದ್ದಾರೆ. ಒಂದೇ ಸೈಕಲ್ಲಿನಲ್ಲಿ ಕಾರ್ಯಕ್ರಮಕ್ಕೆ ಹೋದ ಈ ಇಬ್ಬರು ಕಳೆದ ಫೆಬ್ರವರಿಯಿಂದ ಪರಸ್ಪರ ಮಾತು ಬಿಟ್ಟಿದ್ದು, ಚಹಾದ ಜಗಳವನ್ನೂ ಮೂರನೆಯವರ ಮುಖ ನೋಡಿಯೇ ಆಡುತ್ತಾರೆ. ಅಕ್ಕಪಕ್ಕದ ಮೇಜುಗಳಾದರೂ ಒಬ್ಬರ ಕಡತ ಇನ್ನೊಬ್ಬರಿಗೆ ತಪಾಲಿನ ಮೂಲಕ ಹೋಗಿ ಮುಟ್ಟಲು ನಾಲ್ಕು ದಿನ ಬೇಕಾಗುತ್ತಿದೆ. ಇದಕ್ಕಿಂತಲೂ ಗಂಭೀರವಾದ ಸಂಗತಿಯೆಂದರೆ, ಜಗಳ ಯಾವಾಗಲೂ ಎರಡನೆಯ ಹಾಡಿಗೇ ಹತ್ತಿಕೊಳ್ಳುವುದರಿಂದ ಮೂರನೆಯ ಹಾಡಿನಿಂದ ಮುಂದೆ ಏನಾಯಿತೆಂದು ಈ ಕಚೇರಿಯಲ್ಲಿ ಯಾರಿಗೂ ಇಂದಿನವರೆಗೆ ತಿಳಿದಿಲ್ಲ. ಉಲ್ಲೇಖ 3ರ ದೂರೂ ಇದೇ. ದೂರುದಾರರು ಪ್ರಮಾಣಪತ್ರಕ್ಕೆಂದು ಬಂದು, ಒಂದೂವರೆ ತಾಸು ಕಥೆ ಕೇಳಿ, ಪ್ರಮಾಣಪತ್ರ ಮರೆತು ಬಸ್ಸು ಹತ್ತಿದರು. ಪ್ರಮಾಣಪತ್ರದ ಬಗ್ಗೆ ಅವರಿಗೆ ತಕರಾರಿಲ್ಲ. ಮುಂದಿನ ಕಥೆ ಬೇಕೆಂದು ಬರೆದಿದ್ದಾರೆ.

ಮುಂದಿನ ಕಥೆ ಕೆಳಗೆ ಸಹಿ ಮಾಡಿದವರಿಗೂ ಬೇಕಾಗಿದೆ. ಅವರು ಇದೇ 31ರಂದು ನಿವೃತ್ತರಾಗಲಿದ್ದಾರೆ. ಅವರೂ ಆ ದಿನ ಹೆಂಗಸರ ಕಡೆಯಲ್ಲಿ ಕುಳಿತಿದ್ದರು. ಇದನ್ನು ಅವರಲ್ಲಿ ಯಾರೂ ಈವರೆಗೆ ಕೇಳಿಲ್ಲ. ಆದುದರಿಂದ ಈ ಕೆಳಗಿನಂತೆ ಸೂಚಿಸಲಾಗಿದೆ:

1. ರಾಕ್ ನೆನಪುಗಳನ್ನು ಹೇಳಬಯಸುವವರು ಮುಂಚಿತವಾಗಿ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ನಿಟ್ಟುಸಿರಿನಿಂದ ಆರಂಭವಾಗುವ ನೆನಪುಗಳಿಗೆ ಪ್ರತ್ಯೇಕ ಅರ್ಜಿ.

2. ಗಿಟಾರಿನ ಶಬ್ದವನ್ನು ಬಾಯಿಯಲ್ಲಿ ಮಾಡುವುದು ಹತ್ತು ಸೆಕೆಂಡು ಮೀರತಕ್ಕದ್ದಲ್ಲ. ಗಿಟಾರಿನ ಬದಲಿಗೆ ಸರಕಾರಿ ಅಡಿಕೋಲನ್ನಾಗಲಿ, ಡ್ರಮ್ಮಿನ ಬದಲಿಗೆ ಕಡತವಿರುವ ಕಪಾಟನ್ನಾಗಲಿ ಬಳಸಕೂಡದು. ಖಾಲಿ ಕಪಾಟಾದರೆ ಅಡ್ಡಿಯಿಲ್ಲ. ಖಾಲಿ ಕಪಾಟು ಈ ಕಚೇರಿಯಲ್ಲಿಲ್ಲ.

3. 1994ರಲ್ಲಿ ನಾಲ್ಕುನೂರಿದ್ದ ಪ್ರೇಕ್ಷಕರು ಪ್ರಸಕ್ತ ವರ್ಷ ಹನ್ನೆರಡು ಸಾವಿರಕ್ಕೆ ಏರಿದ್ದಾರೆ. ಗೋಲುಕಂಬ ಕಿತ್ತು ಹಾಕಿದರೂ ಆ ಮೈದಾನ ಎಂಟುನೂರಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಇನ್ನು ಮುಂದೆ ಪ್ರೇಕ್ಷಕರ ಸಂಖ್ಯೆಯನ್ನು ತುಟ್ಟಿಭತ್ಯೆಯ ದರಕ್ಕಿಂತ ಹೆಚ್ಚಾಗಿ ಏರಿಸಕೂಡದು.

4. ಭುಜದವರೆಗೆ ಕೂದಲಿತ್ತೆಂದು ಹೇಳಿಕೊಳ್ಳುವವರು ಸೇವಾ ಪುಸ್ತಕದ ಮೊದಲ ಪುಟದ ಭಾವಚಿತ್ರವನ್ನು ಜೊತೆಗೆ ತೋರಿಸತಕ್ಕದ್ದು.

5. ಕಾರ್ಯಕ್ರಮ ನಡೆದು ಒಂಬತ್ತು ವರ್ಷಗಳ ಬಳಿಕ ಹುಟ್ಟಿದ ಕಿರಿಯ ಗುಮಾಸ್ತೆ ಕುಮಾರಿ ಮೋಕ್ಷಿತಾ ಅವರು ಇತ್ತೀಚೆಗೆ ಕೌಂಟರಿನಲ್ಲಿ "ನಾವು ಆವತ್ತು ಹೋದಾಗ" ಎಂದು ಆರಂಭಿಸಿದ್ದು ಗಮನಕ್ಕೆ ಬಂದಿದೆ. ಹಿರಿಯರಿಗಿಂತ ಚೆನ್ನಾಗಿ ಹೇಳಿದರೆಂಬುದೂ ಗಮನಕ್ಕೆ ಬಂದಿದೆ. ಆದರೂ ನೆನಪಿಗೆ ಅನುಕಂಪದ ನೇಮಕಾತಿ ಅನ್ವಯಿಸುವುದಿಲ್ಲ.

6. ತಕರಾರಿನ ಕುರಿತು 18-05-2016ರಂದು ವಿಚಾರಣೆ ನಡೆಸಲಾಯಿತು. ಹೇಳಿಕೆಗಳನ್ನು ಇದ್ದಂತೆಯೇ ದಾಖಲಿಸಲಾಗಿದೆ.

(ಅ) ಶ್ರೀ ಶಿವಸುಬ್ರಹ್ಮಣ್ಯ: "ನಾನೇ ಎದ್ದದ್ದು. ಮೈಗೆ ಕರೆಂಟು ಹೊಡೆದ ಹಾಗೆ ಆಯ್ತು. ಈ ಚನಿಯ ನನ್ನ ಅಂಗಿ ಹಿಡಿದು, ‘ಮರ್ಲಾ ನಿಂಗೆ, ತಲೆ ಸರಿ ಇಲ್ವಾ, ಕೂತ್ಕೊ ಮಾರಾಯ’ ಹೇಳಿದ್ದು."

(ಆ) ಶ್ರೀ ಚನಿಯ: "ಅವ ಎದ್ದದ್ದು ಕಾಲಿಗೆ ಜೋಮು ಹಿಡಿದು. ಅದನ್ನೆಲ್ಲ ಎದ್ದದ್ದು ಅಂತ ಹೇಳ್ಲಿಕ್ಕೆ ಆಗ್ತದಾ? ಕುಣಿಲಿಕ್ಕೇ ಅಂತ ಎದ್ದದ್ದು ನಾನು."

(ಇ) ಅಂದು ಮೈದಾನದಲ್ಲಿ ಕಡಲೆ ಮಾರುತ್ತಿದ್ದ, ಇಂದು ಕಚೇರಿ ಎದುರು ಚಹಾದಂಗಡಿ ನಡೆಸುವ ಶ್ರೀ ಬಟ್ಯ: "ಇವರಿಬ್ಬರೂ ಎದ್ದದ್ದು ಉಂಟು. ಸುಳ್ಳು ಹೇಳ್ಬಾರದು. ಆದರೆ ಎದ್ದದ್ದು ಆಚೆ ಬದಿ ನೋಡ್ಲಿಕ್ಕೆ. ಹೆಂಗಸರ ಕಡೆಯಲ್ಲಿ ಒಂದು ಹುಡುಗಿ ಮೊದಲೇ ಎದ್ದು ನಿಂತಿತ್ತು, ನೀಲಿ ದಾವಣಿ. ಒಬ್ಬಳೇ. ನೋಡ್ತಾ ನೋಡ್ತಾ ನನ್ನ ಕಡ್ಲೆ ಬುಟ್ಟಿ ಮಗುಚಿ ಬಿತ್ತು. ಯಾರ ಮನೆಯ ಹುಡುಗಿಯೋ ಗೊತ್ತಿಲ್ಲ ಮೇಡಂ."

7. ಇಷ್ಟಾದ ಮೇಲೆ ವಿಚಾರಣಾಧಿಕಾರಿಯವರು ಹತ್ತು ನಿಮಿಷ ವಿಚಾರಣೆ ಮುಂದೂಡಿ, ನೀರು ಕುಡಿದು, ತಮ್ಮನ್ನೇ ಸಾಕ್ಷಿಯಾಗಿ ಕರೆದರು. ಸಾಕ್ಷಿಯು ಹಾಜರಿದ್ದರು. ಅವರ ಹೇಳಿಕೆ:

"ಅದು ನಾನು. ಏಳ್ಬೇಕು ಅಂತ ಎದ್ದದ್ದಲ್ಲ, ನೋಡುವಾಗ ನಿಂತಿದ್ದೆ. ಹಾಡುವವ ನನ್ನ ಕಡೆ ಕೈ ತೋರಿಸಿ ನಕ್ಕ. ನಾಚಿಕೆ ಎಂತದ್ದೂ ಆಗ್ಲಿಲ್ಲ. ಅಷ್ಟು ಸಂತೋಷ ಆಮೇಲೆ ಕೆಲಸದ ಆರ್ಡರ್ ಬಂದ ದಿನವೂ ಆಗ್ಲಿಲ್ಲ. ಒಂದು ನಿಮಿಷ ಅಷ್ಟೆ. ಅಣ್ಣ ಬಂದು ರಟ್ಟೆ ಹಿಡಿದು ಮನೆಗೆ ಎಳ್ಕೊಂಡು ಹೋದ. ರಸ್ತೆ ದಾಟುವಾಗ ಹಿಂದಿನಿಂದ ಜನರ ಬೊಬ್ಬೆ ಕೇಳ್ತಿತ್ತು. ಮೂರನೇ ಹಾಡು ಸುರುವಾದದ್ದು ಹೊಳೆಯ ಸಂಕದವರೆಗೆ ಕೇಳಿತು, ಮತ್ತೆ ಇಲ್ಲ. ನಾನು ಮೈದಾನದಲ್ಲಿದ್ದು ಕೇಳಿದ್ದು ಒಂದೂವರೆ ಹಾಡು. ಒಂದೂವರೆ ಹಾಡಿನ ನೆನಪನ್ನು ಯಾರ ಹತ್ರ ಹೇಳುವುದು? ದಿನಾ ಹನ್ನೊಂದು ಗಂಟೆಗೆ ಪೆನ್ನು ಕೆಳಗಿಟ್ಟು ಕಾಯ್ತಿದ್ದೆ, ಇವತ್ತಾದರೂ ಇವರು ಮೂರನೇ ಹಾಡಿಗೆ ಹೋಗ್ತಾರಾ ಅಂತ."

ಪಾಟೀಸವಾಲಿಗೆ ಅವಕಾಶ ನೀಡಲಾಯಿತು. ಶ್ರೀ ಚನಿಯ ಅವರು ಎದ್ದು ನಿಂತರು. ಕಾರಣ ಕೇಳಲಾಗಿ, ಗೊತ್ತಿಲ್ಲವೆಂದರು. ಶ್ರೀ ಶಿವಸುಬ್ರಹ್ಮಣ್ಯ ಅವರು ಕಿಟಕಿಯ ಹೊರಗೆ ನೋಡುತ್ತಿದ್ದುದರಿಂದ ಅವರ ಮುಖಭಾವವನ್ನು ದಾಖಲಿಸಲಾಗಿಲ್ಲ.

8. ಮೇಲಿನ ಸಾಕ್ಷ್ಯಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಈ ಕೆಳಗಿನಂತೆ ಆದೇಶಿಸಲಾಗಿದೆ:

(ಅ) ಮೊದಲು ಎದ್ದವರು: ಶ್ರೀಮತಿ ಪ್ರೇಮಾವತಿ. ಎರಡನೆಯವರು: ಇಬ್ಬರು, ಸಮಾನ ಜ್ಯೇಷ್ಠತೆ. ಇದರ ಮೇಲೆ ಮೇಲ್ಮನವಿ ಇಲ್ಲ.

(ಆ) ಸದರಿ ಇಬ್ಬರು ನೌಕರರು ಈ ಸುತ್ತೋಲೆ ತಲುಪಿದ ದಿನವೇ ಪರಸ್ಪರ ಮಾತನಾಡಲು ಆರಂಭಿಸತಕ್ಕದ್ದು. ತಪಾಲಿನ ಮೂಲಕವಲ್ಲ.

(ಇ) 30-05-2016ರಂದು ಏರ್ಪಡಿಸಿರುವ ಬೀಳ್ಕೊಡುಗೆಯಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಹಾಗೂ ಕೆಳಗೆ ಸಹಿ ಮಾಡಿದವರ ಸೌಮ್ಯ ಸ್ವಭಾವದ ಬಗೆಗಿನ ಭಾಷಣಗಳನ್ನು ರದ್ದುಪಡಿಸಲಾಗಿದೆ. ಬದಲಿಗೆ ಸದರಿ ಇಬ್ಬರೂ ಸೇರಿ ಮೂರನೆಯ ಹಾಡಿನಿಂದ ಹಿಡಿದು ಜನರು ಚಾಪೆ ಸುತ್ತಿಕೊಂಡು ಹೊರಡುವವರೆಗಿನ ಕಾರ್ಯಕ್ರಮವನ್ನು ಅನುಕ್ರಮವಾಗಿ ನಿವೇದಿಸತಕ್ಕದ್ದು. ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಹೇಳತಕ್ಕದ್ದು. ಆ ದಿನದ ಮಟ್ಟಿಗೆ ಕಲಂ 2ನ್ನು ಸಡಿಲಿಸಲಾಗಿದೆ. ಕಪಾಟನ್ನೂ ಬಳಸಬಹುದು.

(ಈ) ಸಂಜೆ ಐದಕ್ಕೆ ಕಚೇರಿ ಮುಚ್ಚುವುದೆಂಬ ನೆಪ ಒಡ್ಡಕೂಡದು. ಈ ಸಲ ಪೂರ್ತಿ ಕೇಳದೆ ಮನೆಗೆ ಹೋಗಲಾಗುವುದಿಲ್ಲವೆಂದು ಎಲ್ಲರ ಅವಗಾಹನೆಗೆ ತರಲಾಗಿದೆ.

(ಸಹಿ)
ಪ್ರೇಮಾವತಿ
ಸುಪರಿಂಟೆಂಡೆಂಟ್, ವಿಚಾರಣಾಧಿಕಾರಿ ಹಾಗೂ ನಾಲ್ಕನೆಯ ಸಾಕ್ಷಿ

ಪ್ರತಿಗಳು:
1. ಶ್ರೀ ಶಿವಸುಬ್ರಹ್ಮಣ್ಯ ಮತ್ತು ಶ್ರೀ ಚನಿಯ ಅವರಿಗೆ. ಇಬ್ಬರಿಗೂ ಸೇರಿ ಒಂದೇ ಪ್ರತಿ.
2. ಶ್ರೀ ಬಟ್ಯ ಅವರಿಗೆ, ಆ ದಿನ ಹದಿನೆಂಟು ಚಹಾ ಕಳುಹಿಸುವ ಸೂಚನೆಯೊಂದಿಗೆ.
3. ಸೀತಾಂಗೋಳಿಯ ದೂರುದಾರರಿಗೆ, ಬರುವಂತೆ ಕೋರಿ. ಪ್ರಮಾಣಪತ್ರ ಅಡಕ.
4. ಸೂಚನಾ ಫಲಕಕ್ಕೆ.
5. ಶ್ರೀ ಮಂಜ (ಅಣ್ಣ), ಮೊಗ್ರಾಲ್, ಇವರಿಗೆ ಮಾಹಿತಿಗಾಗಿ. ಕರೆದುಕೊಂಡು ಹೋಗಲು ಬರಬೇಕಾಗಿಲ್ಲ.