ಮೊಣಕಾಲು ತರಚುವ ಅರಿಶಿನ-ಕುಂಕುಮ

ಎಪ್ಪತ್ತರ ದಶಕದ ಅಜ್ಜಂಪುರದಲ್ಲಿ ಕಳ್ಳರಿಗಿಂತ ಹೆಚ್ಚು ಅನುಮಾನಕ್ಕೆ ಗುರಿಯಾಗಿದ್ದವರು ನನ್ನ ಸೋದರತ್ತೆ! ಕಳ್ಳನ ಮೇಲಾದರೂ ಕಳವಾದ ಬಳಿಕ ಅನುಮಾನ ಬರುತ್ತದೆ. ಅತ್ತೆಯ ಮೇಲೆ, ಅವರು ಕುಂಕುಮದ ಭರಣಿ ಹಿಡಿದು ಬೀದಿಗಿಳಿದ ಕೂಡಲೇ ಬರುತ್ತಿತ್ತು.

ಮಂಗಳವಾರ, ಶುಕ್ರವಾರ ತಪ್ಪದೆ ಅವರು ಒಂಬತ್ತು ಮನೆಗಳ ಬಾಗಿಲು ತಟ್ಟಿ, “ಅರಿಶಿನ-ಕುಂಕುಮಕ್ಕೆ ಹುಡುಗೀನ ಕಳ್ಸ್ರಮ್ಮ” ಎನ್ನುತ್ತಿದ್ದರು. ಮುತ್ತೈದೆ ಹೊಸಿಲಿಗೆ ಬಂದು ಕುಂಕುಮಕ್ಕೆ ಕರೆದರೆ ಒಲ್ಲೆ ಎನ್ನುವುದುಂಟೆ? ಆದರೆ ಹುಡುಗಿಯರೇ ಏಕೆ, ತಾಯಂದಿರು ಏಕೆ ಬೇಡ? ಹೋಗುವಾಗ ಪ್ರತಿ ಸಲವೂ ಯಾರದಾದರೂ ಮನೆಯಿಂದ ಎರಡು ಒನಕೆಗಳನ್ನು ಬೇರೆ ಕೇಳಿ ಒಯ್ಯುತ್ತಿದ್ದರು, ಅರಿಶಿನ ಕುಟ್ಟಲಿಕ್ಕಂತೆ! ಒನಕೆಗಳು ಬುಡದಲ್ಲಿ ಮೊಳದುದ್ದ ಮಣ್ಣು ಮೆತ್ತಿಕೊಂಡು ಮರಳುತ್ತಿದ್ದವು. ಹುಡುಗಿಯರು ಮೊಣಕಾಲು ತರಚಿಕೊಂಡು ಮರಳುತ್ತಿದ್ದರು.

ತಾಯಂದಿರು ಗುಟ್ಟನ್ನು ತಾವೇ ಬಿಡಿಸಿಕೊಂಡರು: ಅತ್ತೆ ತಮ್ಮ ಮೈದುನನಿಗೆ ಹೆಣ್ಣು ಹುಡುಕುತ್ತಿದ್ದಾರೆ! ಮರುವಾರದಿಂದ ಮಕ್ಕಳು ರೇಷ್ಮೆ ಲಂಗದಲ್ಲಿ ಹೊರಟರು. ತಿಂಗಳಾದರೂ ವರನ ಸುದ್ದಿಯಿಲ್ಲ; ಲಂಗದ ಅಂಚು ಮಾತ್ರ ಹರಿದಿತ್ತು. ಏಳನೆಯ ತರಗತಿಯ ಹುಡುಗಿಯನ್ನು ಮದುವೆಗೆ ನೋಡುವುದು ಊರಿನಲ್ಲಿ ಯಾರಿಗೂ ಅನುಮಾನಾಸ್ಪದವೆನಿಸಲಿಲ್ಲ. ಅವಳು ಓಡಿದರೆ ಮಾತ್ರ ಅನುಮಾನ ಬರುತ್ತಿತ್ತು!

ಎಲ್ಲರಿಗಿಂತ ದೊಡ್ಡ ಅನುಮಾನ ನನ್ನ ಅಜ್ಜಿಯದು, ಅಂದರೆ ಅತ್ತೆಯ ಹೆತ್ತ ತಾಯಿಯದು. “ಅವ್ಳ ಹಿತ್ಲಲ್ಲಿ ಏನ್ ನಡೀತದೆ ನೋಡ್ಕೊಂಡ್ ಬಾರೇ. ಅಲ್ಲಿ ಬಾಯ್ಬಿಟ್ಟೀಯ, ಹುಷಾರು!” ಎಂದು ಅವರು ನನ್ನನ್ನು ಗೂಢಚಾರಿಣಿಯಾಗಿ ನೇಮಿಸಿದರು. ನನಗಾಗ ಹದಿಮೂರು.

ಹಿತ್ತಲಲ್ಲಿ ಎರಡು ಒನಕೆಗಳನ್ನು ಎದುರುಬದುರಾಗಿ ನೆಟ್ಟಿದ್ದರು. ನಡುವೆ ಮಾವ ಎಳೆದುಕೊಟ್ಟ ಸುಣ್ಣದ ಗೆರೆ. ಗೆರೆಯ ಮೇಲೆ ಕುಕ್ಕರಗಾಲಲ್ಲಿ ಕೂತ ಹುಡುಗಿಯರು. ಖೋಖೋ! ಮಾವ ಬೀದಿಬಾಗಿಲಲ್ಲಿ ಪತ್ರಿಕೆ ಹಿಡಿದು ಕಾವಲು ಕೂತಿದ್ದರು.

ಅತ್ತೆ ಮೊದಲು ನನ್ನ ಹಣೆಗೆ ಕುಂಕುಮವಿಟ್ಟರು. “ಕುಂಕುಮ ಅಂತ ಕರೆದಿದೀನಿ. ಸುಳ್ಳಾಗ್ಬಾರದು ನೋಡು. ಈಗ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸ್ಕೊ, ಓಡು!”

“ಯಾರಾದ್ರೂ ನೋಡಿದ್ರೆ ಅತ್ತೆ?”

“ನೋಡ್ಲಿ ಬಿಡೇ. ನಾನೂ ಓಡ್ತಿದ್ದೆ ಕಣೇ, ನಿಮ್ಮಪ್ಪನಿಗಿಂತ ಜೋರಾಗಿ. ದೊಡ್ಡೋಳಾದೆ ಅಂತ ನಿಮ್ಮಜ್ಜಿ ಒಳಗೆ ಕೂರಿಸ್ಬಿಟ್ಲು.”

ತಮ್ಮಂದಿರು ಮೂರುಸಂಜೆಯವರೆಗೆ ಬೀದಿಯಲ್ಲಿ ಚೆಂಡು ಒದೆಯಬಹುದಿತ್ತು. ನಾವು ಬಿರುಸಾಗಿ ನಡೆದರೂ ಮನೆಯ ಮಾನ ಹೋಗುತ್ತಿತ್ತು. ಮಠದ ಪ್ರವಚನದಲ್ಲಿ ಗಂಡು-ಹೆಣ್ಣು ಸಮಾನರೆಂದಾಗ ತಲೆದೂಗಿದ ಹಿರಿಯರೇ ಮನೆಗೆ ಬಂದು ನಮ್ಮ ಹೆಜ್ಜೆ ಅಳೆಯುತ್ತಿದ್ದರು. ಇಂಥ ಅನ್ಯಾಯದ ಪರವಾಗಿ ಬೇಹುಗಾರಿಕೆ ಮಾಡಲಾದೀತೆ? “ಅರಿಶಿನ ಕುಟ್ತಾರೆ ಅಜ್ಜಿ” ಎಂದು ವರದಿ ಒಪ್ಪಿಸಿದೆ. ಅಜ್ಜಿ ನನ್ನ ಮೊಣಕಾಲನ್ನೇ ನೋಡುತ್ತ, “ಮೊಣಕಾಲಲ್ಲಿ ಕುಟ್ತೀರೇನೇ?” ಎಂದರು.

ಶಾಲೆಯ ಪಿ.ಟಿ. ಮೇಷ್ಟ್ರನ್ನು ಕಾಡಿ ಬೇಡಿ ಅತ್ತೆ ನಮ್ಮ ಹೆಸರುಗಳನ್ನು ತರೀಕೆರೆಯ ತಾಲ್ಲೂಕು ಪಂದ್ಯಕ್ಕೆ ಸೇರಿಸಿದರು. ತರೀಕೆರೆಯ ನೆಂಟರ ಮನೆಯಲ್ಲೊಂದು ದೊಡ್ಡ ಅರಿಶಿನ-ಕುಂಕುಮವೂ ನಿಗದಿಯಾಯಿತು!

ಪಂದ್ಯಕ್ಕೆ ಒಂದೂವರೆ ತಿಂಗಳಿರುವಾಗ ಮಾವ ಎದೆನೋವಿನಿಂದ ತೀರಿಕೊಂಡರು.

ಹನ್ನೊಂದನೆಯ ದಿನ ಅತ್ತೆಯ ಹಣೆಯನ್ನು ಒರೆಸಿದರು. ಒರೆಸಿದ್ದು ಕುಂಕುಮವನ್ನಷ್ಟೇ ಅಲ್ಲ, ಒಂಬತ್ತು ಬಾಗಿಲು ತಟ್ಟುವ ಹಕ್ಕನ್ನು. ಗಂಡ ಸತ್ತವಳು ಕುಂಕುಮಕ್ಕೆ ಕರೆಯುವಂತಿಲ್ಲ. ಕರೆಯದೆ ಹುಡುಗಿಯರು ಹೊರಡುವಂತಿಲ್ಲ. ತಾಯಂದಿರು ಬಂದು, ಹಿತ್ತಲಲ್ಲೇ ಉಳಿದಿದ್ದ ಎರವಲು ಒನಕೆಗಳನ್ನು ಕಿತ್ತು ಹೊತ್ತೊಯ್ದರು. ಹಿತ್ತಲಲ್ಲಿ ಎರಡು ಗುಂಡಿಗಳು ಉಳಿದವು. ಎರಡು ವಾರ ಅತ್ತೆ ಆ ಕಡೆಯ ಬಾಗಿಲನ್ನೇ ತೆರೆಯಲಿಲ್ಲ.

ಮೂರನೆಯ ಶುಕ್ರವಾರ ಅಜ್ಜಿ ಭರಣಿ ಹಿಡಿದು ಬೀದಿಗಿಳಿದರು. ಅಜ್ಜ ಗಟ್ಟಿಮುಟ್ಟಾಗಿದ್ದರಿಂದ ಅವರ ಹಕ್ಕಿಗೆ ಚ್ಯುತಿ ಇರಲಿಲ್ಲ. “ನನ್ನ ಮಗಳ ಮನೇಲಿ ಅರಿಶಿನ-ಕುಂಕುಮ. ಕರೀತಿರೋಳು ನಾನು. ಹುಡುಗೀರ್ನ ಕಳ್ಸಿ. ರೇಷ್ಮೆ ಬೇಡ!” ಒಂಬತ್ತು ಮನೆಯವರೂ ಅನುಮಾನದಿಂದಲೇ ಕಳಿಸಿದರು. ನಮ್ಮ ಮನೆಯ ಎರಡು ಒನಕೆಗಳು ನನ್ನ ಹೆಗಲ ಮೇಲಿದ್ದವು.

ಅಜ್ಜಿ ಹಿತ್ತಲ ಬಾಗಿಲನ್ನು ತಾವೇ ತೆರೆದು, ಒನಕೆಗಳನ್ನು ಗುಂಡಿಗಿಳಿಸಿ, ಕಾಲಿಂದ ಮಣ್ಣು ತುಳಿದು ಗಟ್ಟಿ ಮಾಡಿದರು. ಪ್ರತಿಯೊಬ್ಬಳ ಹಣೆಗೂ ಕುಂಕುಮವಿಟ್ಟರು. ಗೋಡೆಗೊರಗಿ ಸರಿದು ನಿಂತಿದ್ದ ಅತ್ತೆಯ ಮುಂದೆ ಬಂದು, “ತಲೆ ಎತ್ತೇ” ಎಂದರು. ಅತ್ತೆ ಎತ್ತಲಿಲ್ಲ. ಅಜ್ಜಿಯೇ ಗದ್ದ ಹಿಡಿದೆತ್ತಿ ಕುಂಕುಮ ಇಟ್ಟರು.

“ತರೀಕೆರೆ ಬಸ್ಸು ಎಷ್ಟೊತ್ತಿಗೆ?”

“ಏಳೂವರೆಗೆ ಅವ್ವ.”

“ನಾನೂ ಬತ್ತೀನಿ. ಹೂಂ, ಶುರು ಮಾಡ್ರೇ!”

ನಾನು ಓಡಿದೆ. ಒನಕೆಯನ್ನು ಬಳಸಿ ತಿರುಗುವಾಗ ಅಜ್ಜಿಯ ದನಿ ಕೇಳಿಸಿತು: “ನೋಡೇ, ನಿನ್ನ ಥರಾನೇ ತಿರುಗ್ತಾಳೆ.”

ಅತ್ತೆ ಸೆರಗನ್ನು ಮುಖಕ್ಕೆ ಒತ್ತಿಕೊಂಡರು. ಕಣ್ಣಿಗೆ ಧೂಳು ಬಿತ್ತು ಎಂದರು.

ಹಿಂದಿನ ದಿನ ಮಳೆ ಬಂದು ಹಿತ್ತಲು ಹಸಿಯಾಗಿಯೇ ಇತ್ತು. ಆ ಧೂಳಿನ ಬಗ್ಗೆ ನನಗೆ ಇಂದಿಗೂ ಅನುಮಾನವಿದೆ.