ಎದುರುಮನೆ ಕಾರಿನ ಹೊಳಪು

ಓದಿದವರಿಗೆ ಹೊಟ್ಟೆಕಿಚ್ಚು ಬರುವುದಿಲ್ಲ ಎಂದು ನಾನು ಬಹುಕಾಲ ನಂಬಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಟ್ಟಿದ ಮೊದಲಿಗ ನಾನೇ ಆದ್ದರಿಂದ, ಆ ನಂಬಿಕೆಯನ್ನು ತಿದ್ದಲು ಹಿಂದೆ ಯಾರೂ ಇರಲಿಲ್ಲ. ಗೌರಿಬಿದನೂರಿನ ಹೈಸ್ಕೂಲೊಂದರಲ್ಲಿ ಮೇಷ್ಟ್ರಾದೆ. ಸೆಕೆಂಡ್ ಹ್ಯಾಂಡ್ ಆದರೂ ಕಪ್ಪು ಬಣ್ಣದ ಕಾರು ತಂದೆ. ಹಿಂದಿನ ಗಾಜಿನ ಮೇಲೆ ಹೆಸರಿನ ಜೊತೆ ‘ಎಂ.ಎ., ಬಿ.ಎಡ್.’ ಎಂದು ಬರೆಸಿದೆ. ಅಮ್ಮನಿಗೆ ಓದಲು ಬಾರದು. ಆದರೂ ಆ ಅಕ್ಷರಗಳನ್ನು ಬೆರಳಿನಿಂದ ಸವರಿ ನೋಡಿದ್ದಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಕೆಟ್ಟದ್ದು ಎದುರುಮನೆ ನಾಗರಾಜನಿಂದ. ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಶಾಲೆಯಲ್ಲಿ ನನ್ನ ಪಕ್ಕ ಕುಳಿತು ನಕಲು ಹೊಡೆದವನು. ಅವನ ಕಾರೂ ಕಪ್ಪು. ಅದನ್ನು ಕಾರುಗಳ ಮೈಗೆ ಹೊಳಪು ಕೊಡುವ ಚಿಕ್ಕಬಳ್ಳಾಪುರದ ಡೀಟೇಲಿಂಗ್ ಅಂಗಡಿಗೆ ಬಿಟ್ಟು, ಪಾಲಿಶ್ ಹೊಡೆಸಿ, ಬಣ್ಣದ ಮೇಲೆ ಗಾಜಿನಂಥ ಪದರ ಕೂರುವ ಸೆರಾಮಿಕ್ ಕೋಟಿಂಗ್ ಹಾಕಿಸಿ ತಂದ. ಎಣ್ಣೆನೀರೆರೆದ ಮದುಮಗನ ಹಾಗೆ ಮಿಂಚುತ್ತಿತ್ತು. ಅದನ್ನಾದರೂ ಸಹಿಸುತ್ತಿದ್ದೆನೇನೋ. ಮರುದಿನ ಬೆಳಿಗ್ಗೆ ನಮ್ಮಮ್ಮ ನನ್ನ ಕಾರನ್ನು ದಾಟಿಕೊಂಡು ಹೋಗಿ, ಅವನ ಕಾರಿನ ಬಾಗಿಲೆದುರು ನಿಂತು ಹಣೆಯ ಕುಂಕುಮ ಸರಿಮಾಡಿಕೊಂಡಳು!

“ಯಾಕಮ್ಮಾ, ನಮ್ ಕಾರಿಲ್ವಾ?” ಎಂದೆ.

“ನಿಂದ್ರಲ್ಲಿ ಮುಖ ಮಬ್‌ಮಬ್ಬಾಗಿ ಕಾಣ್ತದೆ ಕಣಪ್ಪಾ” ಎಂದಳು.

ಮಬ್ಬಿಗೆ ಕಾರಣ ನನ್ನ ಸೋಮಾರಿತನವಲ್ಲ, ಅತಿಭಕ್ತಿ. ಅಪ್ಪ ಕೆರೆಯಲ್ಲಿ ಎತ್ತುಗಳನ್ನು ತೆಂಗಿನ ನಾರಿನಿಂದ ಉಜ್ಜಿದರೆ ಅವು ಫಳಫಳ ಹೊಳೆಯುತ್ತಿದ್ದವು. ನಾನೂ ಪ್ರತಿ ಭಾನುವಾರ ಸೋಪಿನ ಪುಡಿ ಹಾಕಿ, ನಾರು ಹಿಡಿದು, ಕಾರಿನ ಮೈ ಹಾಗೆಯೇ ತಿಕ್ಕುತ್ತಿದ್ದೆ. ಎತ್ತಿಗೆ ಹೊಸ ಕೂದಲು ಬರುತ್ತದೆ, ಕಾರಿನ ಬಣ್ಣಕ್ಕೆ ಬರುವುದಿಲ್ಲ ಎಂಬುದು ನಾನು ಓದಿದ ಯಾವ ಪಠ್ಯದಲ್ಲೂ ಇರಲಿಲ್ಲ.

ಕಿಚ್ಚು ತಡೆಯದೆ ನಾನೂ ಅದೇ ಅಂಗಡಿಗೆ ಹೋದೆ. ಮಾಲೀಕ ಇಮ್ರಾನ್ ಬಾನೆಟ್ ಮೇಲೆ ಟಾರ್ಚ್ ಬಿಟ್ಟ. ಬಣ್ಣದ ತುಂಬ ಜೇಡರ ಬಲೆಯಂಥ ಗೀರುಗಳು.

“ಏನ್ ಸಾರ್, ಪಾತ್ರೆ ತಿಕ್ಕೋ ನಾರಲ್ಲಿ ಉಜ್ಜಿದೀರಾ?”

“ಇಲ್ಲಪ್ಪಾ, ಎತ್ತು ತೊಳೆಯೋ ನಾರಲ್ಲಿ.”

“ಹಿಂದ್ಗಡೆ ಎಂ.ಎ. ಅಂತ ಬರ್ಸಿದೀರಲ್ಲ ಸಾರ್...” ಎಂದು ಟಾರ್ಚ್ ಆರಿಸಿದ.

ಮೂರು ದಿನ ಬಿಟ್ಟು ಹೋದಾಗ ನನ್ನ ಕಾರನ್ನು ನಾನೇ ಗುರುತಿಸಲಿಲ್ಲ. ಕೀಲಿ ಕೊಡುತ್ತಾ ಇಮ್ರಾನ್ ಎಚ್ಚರಿಸಿದ: “ಒಂದ್ ವಾರ ನೀರು, ಸೋಪು, ಅರಿಶಿನ ಕುಂಕುಮ ಏನೂ ತಗಲಬಾರ್ದು ಸಾರ್. ಕೋಟಿಂಗ್ ಇನ್ನೂ ಹಸಿ.”

ನಮ್ಮ ಬೀದಿಗೆ ಬಂದವನು ಅಗತ್ಯವಿಲ್ಲದಿದ್ದರೂ ಎರಡು ಸಲ ಹಾರ್ನ್ ಹೊಡೆದೆ. ನಾಗರಾಜ ಹೊರಗೆ ಬಂದ, ಬರಲೆಂದೇ ಹೊಡೆದಿದ್ದೆ. ಅಮ್ಮನೂ ಬಂದಳು, ಕುಂಕುಮ ಕಲಸಿದ ಬಟ್ಟಲು ಹಿಡಿದು. ಅವಳ ಬೆರಳು ಬಾನೆಟ್‌ನತ್ತ ಹೋಗುವುದಕ್ಕೂ, “ಮುಟ್ಬೇಡಾ!” ಎಂದು ನಾನು ತರಗತಿಯ ದನಿಯಲ್ಲಿ ಅರಚುವುದಕ್ಕೂ ಸರಿಹೋಯಿತು.

ಅಮ್ಮನ ಕೈ ಗಾಳಿಯಲ್ಲೇ ನಿಂತಿತು. “ನಿನ್ ಪರೀಕ್ಷೆ ಹಾಲ್‌ಟಿಕೆಟ್‌ಗೂ ಇದೇ ಕುಂಕುಮ ಇಟ್ಟಿದ್ನಲ್ಲೋ. ಅದೇನ್ ಹಾಳಾಯ್ತಾ?”

ನಾನು ಬಾನೆಟ್‌ಗೆ ಅಡ್ಡ ನಿಂತೆ.

“ಬಾಮ್ಮಾ, ನನ್ ಗಾಡಿಗಿಡು” ಎಂದ ನಾಗರಾಜ. “ನಂದು ಒಣಗಿ ತಿಂಗಳಾಯ್ತು. ಮೇಷ್ಟ್ರದ್ದು ಇನ್ನೂ ಹಸಿ ಬಾಣಂತಿ.”

ಅಮ್ಮ ನಗುತ್ತಾ ರಸ್ತೆ ದಾಟಿದಳು. ನಾನು ತಿರುಗಿ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಇಮ್ರಾನ್‌ನ ಕೆಲಸದಲ್ಲಿ ಒಂದು ಕುಂದೂ ಇರಲಿಲ್ಲ. ನಾಗರಾಜನ ಕಾರು, ಅದರ ಬಾನೆಟ್ ಮೇಲೆ ಅಮ್ಮನ ಕೈಯ ಕುಂಕುಮ, ಅವಳ ನಗು, ಎಲ್ಲವೂ ನನ್ನ ಕಾರಿನ ಬಾಗಿಲಲ್ಲಿ ಚೂರೂ ಮಬ್ಬಿಲ್ಲದೆ ಕಾಣುತ್ತಿದ್ದವು.