ಬಾರದ ದಿನದ ಸಹಿ

ನನಗೆ ಯಾರ ಮುಖ ನೋಡಿಯೂ ನಿಷ್ಠುರ ಹೇಳಲು ಬರುವುದಿಲ್ಲ. ನಾನು ಇದನ್ನು ದಾಕ್ಷಿಣ್ಯ ಎಂದುಕೊಂಡಿದ್ದೇನೆ. ಹೆಂಡತಿ ಹೇಡಿತನ ಎನ್ನುತ್ತಾಳೆ. ಸುಸ್ತಾದಾಗ ಅವಳು ಹೇಳುವುದೇ ನಿಜ ಅನ್ನಿಸುತ್ತದೆ, ಈಚೆಗಂತೂ ನಾನು ಸದಾ ಸುಸ್ತು.

ನಗರದಂಚಿನ ಕೋಗಿಲಿನಲ್ಲಿ ನನ್ನದೊಂದು ಬಾಡಿಗೆ ಶೆಡ್ಡು, ನಾಲ್ಕು ಮಷೀನು, ಆರು ಜನ. ಸೈನ್ಯಕ್ಕೆ ಏನೇನೋ ಮಾಡಿಕೊಡುವ ದೊಡ್ಡ ಕಂಪನಿಯೊಂದಕ್ಕೆ ಹೆಬ್ಬೆರಳ ಗಾತ್ರದ ಹಿತ್ತಾಳೆ ಬುಷ್ ಎಂಬ ಕೊಳವೆ ತುಂಡು ಮಾಡಿಕೊಡುತ್ತೇವೆ. ಅದು ಯಾವುದರೊಳಗೆ ಹೋಗಿ ಕೂರುತ್ತದೋ ನನಗೇ ಗೊತ್ತಿಲ್ಲ. ಆದರೂ ಶತ್ರುಗಳು ಅದರ ಡ್ರಾಯಿಂಗ್ ಕದಿಯಬಹುದಂತೆ. ಸೈಬರ್ ಭದ್ರತೆಯ ಸರ್ಟಿಫಿಕೇಟ್ ಇಲ್ಲದಿದ್ದರೆ ಇನ್ನು ಮುಂದೆ ಆರ್ಡರ್ ಇಲ್ಲ ಎಂದು ಪತ್ರ ಬಂತು. ನಮಗಿರುವುದೇ ಆ ಒಂದು ಗಿರಾಕಿ. ಪಾಸ್‌ವರ್ಡ್ ಬದಲಿಸಿದೆ, ಪೆನ್‌ಡ್ರೈವ್‌ಗಳನ್ನು ಬೀರುವಿಗೆ ಹಾಕಿ ಬೀಗ ಜಡಿದೆ, ವಾಟ್ಸಾಪಿನಲ್ಲಿ ಡ್ರಾಯಿಂಗ್ ಕಳಿಸುವುದನ್ನು ಬಿಟ್ಟೆ, ಬಾಗಿಲಿಗೆ ಕ್ಯಾಮೆರಾ ಹಾಕಿಸಿದೆ. ಸಿಕ್ಕಿಬಿದ್ದದ್ದು ಒಂದೇ ನಿಯಮದಲ್ಲಿ. ಹೊರಗಿನವರು ಯಾರೇ ಬಂದರೂ ಪುಸ್ತಕದಲ್ಲಿ ಹೆಸರು, ಬಂದ ಕಾರಣ ಬರೆದು, ಸಹಿ ಹಾಕಿಯೇ ಒಳಗೆ ಬರಬೇಕು.

ಹೊರಗಿನವರೆಂದರೆ ನಮಗೆ ಮುನಿರಾಜಣ್ಣ ಒಬ್ಬರೇ, ಶೆಡ್ಡಿನ ಮಾಲೀಕರು. ಇಲ್ಲಿ ಮೊದಲು ಅವರ ದ್ರಾಕ್ಷಿ ತೋಟವಿತ್ತು. ದಿನಾ ಹನ್ನೊಂದಕ್ಕೆ ಬಂದು ಕಂಪ್ಯೂಟರ್ ಮುಂದಿನ ಕುರ್ಚಿಯಲ್ಲೇ ಕೂತು ಕಾಫಿ ಕುಡಿದು, “ಇಲ್ಲೇ ಸಾಮಿ ನಮ್ ಬಾವಿ ಇದ್ದಿದ್ದು” ಎಂದು ಕಂಪ್ರೆಸರಿನ ಕಡೆ ಕೈ ತೋರಿಸಿ ಹೋಗುತ್ತಾರೆ. ನಾನು ಗದಗದಿಂದ ಬಂದ ಹೊಸದರಲ್ಲಿ, ಯಾರ ಪರಿಚಯವೂ ಇಲ್ಲದಾಗ, ಮನೆಗೆ ಕರೆದು ಮುದ್ದೆ ಬಡಿಸಿದ ಮನುಷ್ಯ. ಅಂಥವರಿಗೆ ಅವರದೇ ಜಾಗದಲ್ಲಿ ‘ಸಹಿ ಹಾಕಿ’ ಎಂದು ಪುಸ್ತಕ ಹಿಡಿಯುವುದು ಹೇಗೆ? ಅವರ ಸಹಿಯನ್ನು ನಾನೇ ಹಾಕತೊಡಗಿದೆ. ಕಾರಣ ‘ಕಾಫಿ’ ಎಂದರೆ ಚೆನ್ನಾಗಿರದೆಂದು ‘ಕಟ್ಟಡ ಪರಿಶೀಲನೆ’ ಎಂದು ಬರೆದೆ. ಬರುಬರುತ್ತಾ ಬೆಳಿಗ್ಗೆ ಬಂದ ಕೂಡಲೇ ದೇವರಿಗೆ ಊದಿನಕಡ್ಡಿ ಹಚ್ಚಿ, ಹಾಗೇ ಅವರ ಸಹಿಯನ್ನೂ ಹಾಕಿ ಮುಗಿಸಿಬಿಡುತ್ತಿದ್ದೆ.

ಸರ್ಟಿಫಿಕೇಟಿನ ತಪಾಸಣೆಗೆ ಬಂದದ್ದು ನನ್ನ ಮಗಳ ವಯಸ್ಸಿನ ಹುಡುಗಿ. ಪುಸ್ತಕವನ್ನೂ ಕ್ಯಾಮೆರಾವನ್ನೂ ತಾಳೆ ನೋಡಿ ಕೇಳಿದಳು: “ಸರ್, ಹೋದ ತಿಂಗಳು ಮೂರು ದಿನ ಮುನಿರಾಜು ಅನ್ನೋರು ಒಳಗ್ ಬಂದಿದಾರೆ ಅಂತ ಬುಕ್ಕಲ್ಲಿದೆ. ಕ್ಯಾಮೆರಾದಲ್ಲಿ ಕಾಣ್ತಾನೇ ಇಲ್ವಲ್ಲಾ? ಬೇರೆ ಬಾಗ್ಲು ಏನಾದ್ರೂ ಇದ್ಯಾ?”

ಹನ್ನೊಂದಕ್ಕೆ ತಪ್ಪದೆ ಬಂದು ಕಾಫಿ ಹಿಡಿದು ಕೂತಿದ್ದ ಮುನಿರಾಜಣ್ಣ ಕಿವಿ ನಿಮಿರಿಸಿದರು. “ಅದು ನಾನೇ ಕಣಮ್ಮ. ಆ ಮೂರ್ ದಿನ ತಿರುಪತೀಲಿದ್ದೆ. ಲಾಡು ತಂದು ಇವ್ರಿಗೂ ಕೊಟ್ನಲ್ಲ!”

ಲಾಡು ತಿಂದದ್ದು ನನಗೂ ನೆನಪಿತ್ತು. ಗಾಬರಿಗೆ ಊರ ಮಾತೇ ಬಾಯಿಗೆ ಬಂತು. “ತಪ್ಪಾತ್ರೀ ಮುನಿರಾಜಣ್ಣ, ಸಹಿ ನಾನಽ ಹಾಕೀನಿ.”

ಅವರು ಪುಸ್ತಕದ ಹಾಳೆಗಳನ್ನು ನಿಧಾನ ತಿರುವಿದರು. “ಒಂದ್ ಮಾತು ಏಳಿದ್ರೆ ನಾನೇ ಆಕ್ತಿರ್ಲಿಲ್ವಾ ಸಾಮಿ? ಅಷ್ಟೂ ತಿಳೀದ ಅಳ್ಳಿ ಗಮಾರ ಅಂದ್ಕೊಂಡ್ರಾ?” ಎಂದವರೇ ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದುಹೋದರು. ಹುಡುಗಿ ಉಳಿದದ್ದೆಲ್ಲ ಸರಿಯಿದೆ ಎಂದು ಬರೆದು, ‘ಸುಳ್ಳು ದಾಖಲೆ ಮಾಡಿದವರು ಫ್ಯಾಕ್ಟರಿ ಮಾಲೀಕರೇ’ ಎಂದು ಸೇರಿಸಿ, ಮೂರು ತಿಂಗಳು ಬಿಟ್ಟು ಮತ್ತೆ ನೋಡುವುದಾಗಿ ಹೇಳಿ ಹೋದಳು. ಆರ್ಡರೂ ಅಲ್ಲಿಯವರೆಗೆ ತೂಗಾಡಬೇಕಾಯಿತು.

ಮರುದಿನ ಹನ್ನೊಂದಾದರೂ ಮುನಿರಾಜಣ್ಣನ ಸುಳಿವಿಲ್ಲ. ಹತ್ತು ನಿಮಿಷ ತಡವಾಗಿ ಬಂದರು. ಬಾಗಿಲಲ್ಲೇ ನಿಂತು ಕನ್ನಡಕ ಹಾಕಿಕೊಂಡು, ಪುಸ್ತಕ ಎಳೆದುಕೊಂಡು ಅಕ್ಷರಕ್ಕಕ್ಷರ ಕೂಡಿಸಿ ಬರೆದು, ಸಹಿ ಹಾಕಿ, ತಮ್ಮ ಕುರ್ಚಿಯಲ್ಲಿ ಕೂತರು. ಕಾಫಿಗೆ ಹೇಳಿ ಪುಸ್ತಕ ನೋಡಿದೆ. ಬಂದ ಕಾರಣ: ‘ಫ್ಯಾಕ್ಟರಿ ಓನರ್ ಮೇಲೆ ಒಂದು ಕಣ್ಣಿಡಲು.’

ಮೂರು ತಿಂಗಳ ಮೇಲೆ ಮತ್ತೆ ಬಂದ ಹುಡುಗಿ ಪುಟಪುಟದಲ್ಲೂ ಅದೇ ಕಾರಣ ಓದಿ, ಒಂದೂ ಪ್ರಶ್ನೆ ಕೇಳದೆ ನನ್ನನ್ನು ಪಾಸು ಮಾಡಿದಳು.